ಪೆಟ್ಟಿಗೆಯಲ್ಲಿ ದಿಂಬು

ನಮ್ಮ ಯಜಮಾನರ ಪೆಟ್ಟಿಗೆಗೆ ಪ್ರತಿ ವರ್ಷ ದಿಂಬು ತುಂಬಿಸಿ ಕಳಿಸುತ್ತಿದ್ದವಳು ನಾನು. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಊರಿನಲ್ಲೇ ಇರಲಿಲ್ಲ. ಜಂಬ ಎನ್ನುವುದಾದರೆ ಎನ್ನಿ, ನನಗೇನೂ ಬೇಜಾರಿಲ್ಲ. ಬೂರುಗದ ಹತ್ತಿಯ ದೊಡ್ಡ ದಿಂಬೊಂದನ್ನು ತಗಡಿನ ಪೆಟ್ಟಿಗೆಯೊಳಗೆ ಒತ್ತಿ ಕೂರಿಸಬೇಕು. ಮೇಲೆ ಇಸ್ತ್ರಿ ಮಾಡಿದ ಎರಡು ಅಂಗಿ, ಒಂದು ಟವೆಲ್ಲು. ಮುಚ್ಚಳ ಹಾಕುವಾಗ ಅಂಗಿಯ ತೋಳು ಒಂದಿಷ್ಟು ಹೊರಗೆ ಇಣುಕುವಂತೆ ಬಿಡಬೇಕು. ನೋಡಿದವರು, "ಅಯ್ಯಯ್ಯೋ, ಈ ಮನುಷ್ಯ ಅವಸರದಲ್ಲಿ ಕಟ್ಟಿಕೊಂಡು ನಿಜವಾಗಲೂ ಹೊರಟೇಬಿಟ್ಟನಲ್ಲ" ಎಂದು ಗಾಬರಿಯಾಗಬೇಕು. ಎತ್ತಿದರೆ ಮಾತ್ರ ಹೂವಿನಷ್ಟು ಹಗುರ. ನಮ್ಮವರು ಹನ್ನೆರಡನೇ ಕಲ್ಲಿನವರೆಗೂ ಬೆವರದೆ ಹೋಗುತ್ತಿದ್ದದ್ದು ಆ ದಿಂಬಿನ ಪುಣ್ಯ.

ನಮ್ಮೂರಿನ ವಿಶ್ವವಿದ್ಯಾಲಯದಲ್ಲಿ ಮೇಷ್ಟರುಗಳ ಸಂಬಳ ವರ್ಷಕ್ಕೊಮ್ಮೆ, 'ಹೊರಡುವ ವಾರ'ದಲ್ಲಿ ನಿಗದಿಯಾಗುತ್ತದೆ. ಸಂಬಳ ಸಾಲದು ಅನ್ನಿಸಿದವರು ಪೆಟ್ಟಿಗೆ ಹಿಡಿದು, ಹೆಬ್ಬಾಗಿಲು ದಾಟಿ, ಗುಡ್ಡದ ಕಡೆಗೆ ಹೋಗುವ, ಪಕ್ಕದಲ್ಲಿ ಅಂಕಿ ಬರೆದ ಕಲ್ಲುಗಳಿರುವ ರಸ್ತೆಯಲ್ಲಿ ನಡೆಯಬೇಕು. ಗುಡ್ಡದ ಆಚೆ ಇನ್ನೊಂದು ಊರು, ಅಲ್ಲೂ ಒಂದು ವಿಶ್ವವಿದ್ಯಾಲಯ. ಅಲ್ಲಿಂದ ಕರೆ ಬಂದಿದೆ, ಹೋಗುತ್ತಿದ್ದೇನೆ ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳಬೇಕು. ಹಿಂದಿನಿಂದ ಕರೆಯುವ ಸಮಿತಿಯವರು ಬಿಳಿ ಕೊಡೆ ಬಿಚ್ಚಿಕೊಂಡು, ತಟ್ಟೆಯಲ್ಲಿ ವೀಳ್ಯ ಇಟ್ಟುಕೊಂಡು, ಓಲಗದವರನ್ನು ಕಟ್ಟಿಕೊಂಡು ಬರುತ್ತಾರೆ. "ಇಂಥ ವಿಭಾಗದ ಇಂಥವರೇ, ಹೋಗಬೇಡಿ, ನೀವಿಲ್ಲದೆ ನಡೆಯುವುದಿಲ್ಲ" ಎಂದು ಮೂರು ಸಲ ಕೂಗುತ್ತಾರೆ. ನೀವು ಪೆಟ್ಟಿಗೆ ಕೆಳಗಿಟ್ಟು ಮೂರು ಕೂಗನ್ನೂ ಕೇಳಿಸಿಕೊಂಡರೆ, ಅದು ಯಾವ ಕಲ್ಲಿನ ಹತ್ತಿರವೋ ಆ ಕಲ್ಲಿನ ಸಂಬಳ ನಿಮ್ಮದು; ಕಲ್ಲು ದೂರವಾದಷ್ಟೂ ಸಂಬಳ ಹೆಚ್ಚು. ಕೊಡೆಯ ಕೆಳಗೆ ಬೀಗುತ್ತಾ ವಾಪಸು ಬರುತ್ತೀರಿ. ಮೂರನೇ ಕೂಗಿಗೆ ಮುಂಚೆ ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆದರೆ ಸಮಿತಿ ಮುಂದಿನ ಕಲ್ಲಿಗೆ ಬಂದು ಮತ್ತೆ ಮೊದಲಿಂದ ಕೂಗಬೇಕು. ಬಂದೇಬರುತ್ತದೆ ಎನ್ನುವ ಧೈರ್ಯ ಯಾರಿಗಿದೆ ಎಂಬುದರಲ್ಲೇ ಆಟವೆಲ್ಲ ಇರುವುದು. ಯಾರೂ ಕೂಗದಿದ್ದರೆ ನೀವಾಗಿಯೇ ಹಿಂದಿರುಗಬೇಕು. ಹಾಗೆ ಬಂದವರನ್ನು ಊರಿನಲ್ಲಿ ಯಾರೂ ಏನೂ ಕೇಳುವುದಿಲ್ಲ, ಬೇರೆ ಕಡೆ ನೋಡುತ್ತಾ ಕೆಮ್ಮುತ್ತಾರೆ.

ವಾಣಿಜ್ಯದವರಿಗೆ ಆ ಧೈರ್ಯ ಹುಟ್ಟಿನಿಂದಲೇ ಇರುತ್ತದೆ. ಎತ್ತುತ್ತಾರೆ, ಇಡುತ್ತಾರೆ, ಮತ್ತೆ ಎತ್ತುತ್ತಾರೆ. ಸಮಿತಿ ಏದುಸಿರು ಬಿಡುತ್ತಾ ಹಿಂದೆ ಓಡುತ್ತದೆ. ಚರಿತ್ರೆಯ ಮೇಷ್ಟರೊಬ್ಬರು ಅದನ್ನೇ ಮಾಡಲು ಹೋಗಿ ಎರಡನೇ ಕೂಗಿಗೆ ಪೆಟ್ಟಿಗೆ ಎತ್ತಿದರು ನೋಡಿ, ಸಮಿತಿ ಕೊಡೆ ಮಡಚಿಕೊಂಡು ಊಟಕ್ಕೆ ಹೋಯಿತು. ಪಾಪ, ಕನ್ನಡಕ ಬಿದ್ದುಹೋಗಿತ್ತು, ಹುಡುಕಲು ಹೋಗಿದ್ದೆ ಎನ್ನುತ್ತಾ ವಾಪಸು ಬಂದರು. ಕನ್ನಡಕ ಮೂಗಿನ ಮೇಲೇ ಇತ್ತು. ಭೌತಶಾಸ್ತ್ರದವರೊಬ್ಬರು ತಾವು ಬರೆದ ಸಂಶೋಧನಾ ಪ್ರಬಂಧಗಳನ್ನೆಲ್ಲ ಪೆಟ್ಟಿಗೆಗೆ ತುಂಬಿಕೊಂಡು ಹೊರಟರು. ಆ ಭಾರಕ್ಕೆ ಮೂರನೇ ಕಲ್ಲಿಗೇ ಸೊಂಟ ಹಿಡಿದುಕೊಂಡು ಕೂತರು, ಸಂಬಳವೂ ಅಲ್ಲೇ ಕೂತಿತು. ಸಮಿತಿಯಲ್ಲಿ ಭಾವಮೈದುನ ಇದ್ದವರಿಗೆ ಎಷ್ಟು ದೂರ ಹೋದರೂ ಓಲಗ ಬೆನ್ನು ಬಿಡುವುದಿಲ್ಲ. ಮಂಡಿನೋವಿನವರ ಸಂಬಳ ನೋವು ಶುರುವಾದ ವರ್ಷದಲ್ಲೇ ನಿಂತುಬಿಟ್ಟಿರುತ್ತದೆ. ಇನ್ನು ಅತಿಥಿ ಉಪನ್ಯಾಸಕರಿಗೆ ಈ ವಾರವೇ ಇಲ್ಲ. ಅವರು ಹೆಬ್ಬಾಗಿಲ ಆಚೆಯ ಶೆಡ್ಡಿನಲ್ಲಿ ಪಾಠ ಮಾಡುವವರು. ಒಳಗೇ ಬರದವರು ಹೊರಗೆ ಹೋಗುವುದು ಹೇಗೆ ಎಂದು ಕುಲಸಚಿವರು ಕೇಳುತ್ತಾರೆ.

ನಾನು ಭೂಗೋಳ ವಿಭಾಗದ ದಾಕ್ಷಾಯಿಣಿ. ಯಾವ ನಕ್ಷೆಯಲ್ಲೂ ಇಲ್ಲದ ಊರಿನಲ್ಲಿ ಭೂಗೋಳ ಹೇಳಿಕೊಡುವವಳು, ನಗಬೇಡಿ. ನಮ್ಮವರು ವಾಣಿಜ್ಯ ವಿಭಾಗದ ಪ್ರೊಫೆಸರ್ ವಿರೂಪಾಕ್ಷಯ್ಯ. ಇಬ್ಬರೂ ಒಂದೇ ದಿನ, ಒಂದೇ ಸಂಬಳಕ್ಕೆ ಸೇರಿದವರು. ಆಮೇಲೆ ಅವರು ಕಲ್ಲಿನಿಂದ ಕಲ್ಲಿಗೆ ಮುಂದೆ ಹೋದರು. ನಾನೂ ಒಂದು ವರ್ಷ ಹೊರಟಿದ್ದೆ. ಎರಡನೇ ಕಲ್ಲಿನಲ್ಲಿ ಕೂತು ಓಲಗಕ್ಕೆ ಕಾದೆ. ಅಷ್ಟರಲ್ಲಿ ಮಗಳು ಸ್ಕೂಲಿನಿಂದ ಬರುವ ಹೊತ್ತಾಯಿತು, ಎದ್ದು ಬಂದೆ. ಆ ಮಗಳಿಗೆ ಮದುವೆಯಾಗಿ ಈಗ ಪೇಟೆಬೀದಿಯಲ್ಲಿ ಅವಳದೇ ಸಂಸಾರ ಇದೆ, ನನ್ನ ಸಂಬಳ ಮಾತ್ರ ಇದ್ದಲ್ಲಿಂದ ಏಳಲೇ ಇಲ್ಲ. ಆಮೇಲೆ ನಾನು ಆ ರಸ್ತೆಗೆ ಹೋಗುತ್ತಿದ್ದದ್ದು ಮಜ್ಜಿಗೆ ಪಾತ್ರೆ ಹಿಡಿದು. ನಮ್ಮವರು ಬಿಸಿಲಿನಲ್ಲಿ ಕೂತಿರುತ್ತಾರಲ್ಲ! ದಾರಿಯುದ್ದಕ್ಕೂ ಬೇರೆ ಮೇಷ್ಟರುಗಳೂ ಲೋಟ ಒಡ್ಡುತ್ತಿದ್ದರು. ಇಂಗು, ಶುಂಠಿ, ಕರಿಬೇವು ಹಾಕಿದ ಮಜ್ಜಿಗೆ, ಯಾರಿಗೆ ಬೇಡ? ಮಜ್ಜಿಗೆ ಮೇಡಂ ಎಂದೇ ನನ್ನ ಹೆಸರಾಯಿತು. ಕುಡಿದವರ ಸಂಬಳವೆಲ್ಲ ಏರಿತು.

ಕೊನೆಗೊಂದು ವರ್ಷ ನಮ್ಮವರು ಡೀನ್ ಆದರು, ಜೊತೆಗೆ ಕರೆಯುವ ಸಮಿತಿಯ ಅಧ್ಯಕ್ಷರೂ ಆದರು. ಆ ಖುಷಿಗೆ ಕುಲಸಚಿವ ತಿಮ್ಮರಾಯಪ್ಪನವರನ್ನು ಊಟಕ್ಕೆ ಕರೆದಿದ್ದರು. ಯಾವ ಕಲ್ಲಿಗೆ ಯಾವ ಸಂಬಳ ಎಂಬುದು ತಿಮ್ಮರಾಯಪ್ಪನವರ ನಾಲಿಗೆಯ ತುದಿಯಲ್ಲಿರುತ್ತದೆ. ನಾನು ಹೋಳಿಗೆಗೆ ತುಪ್ಪ ಬಡಿಸುತ್ತಿದ್ದೆ.

"ಈ ವರ್ಷ ಮೇಡಂನವರನ್ನೂ ಕರೀಬೇಕಾಗುತ್ತೇನೋ ಸಾರ್," ಎಂದು ಅವರು ತಮಾಷೆ ಮಾಡಿದರು. "ನಿಮ್ಮದೇ ಸಮಿತಿ, ನಿಮ್ಮದೇ ಮನೆ."

"ಇವಳನ್ನಾ?" ನಮ್ಮವರು ಹೋಳಿಗೆ ಮುರಿಯುತ್ತಾ ಹೇಳಿದರು. "ಇವಳನ್ನ ಕರೆಯೋದೇನು ಬಂತು ಸಾರ್, ಇವಳೆಲ್ಲಿಗೆ ಹೋಗ್ತಾಳೆ?"

"ಅದೂ ಸರಿ ಅನ್ನಿ. ಕರೆಯದೆ ಹೊರಟ ದಾಕ್ಷಾಯಿಣಿ ಗತಿ ಏನಾಯ್ತು ಅಂತ ಪುರಾಣದಲ್ಲೇ ಇದೆಯಲ್ಲ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಮನೆಗೆ ಬಂದವರ ಮುಂದೆ ನಗಬೇಕಲ್ಲ. ಆದರೆ ಹೋಳಿಗೆಗೆ ಹಾಕಬೇಕಾದ ತುಪ್ಪವನ್ನೆಲ್ಲ ಪಲ್ಯಕ್ಕೆ ಸುರಿದುಬಿಟ್ಟೆ. ಹೊಟ್ಟೆ ಧಗಧಗ ಉರಿಯಿತು. ಸಂಬಳ ಕಡಿಮೆ ಎಂದಲ್ಲ. ಅದು ಹಳೆಯ ಉರಿ, ಅಭ್ಯಾಸವಾಗಿತ್ತು. ನೀವಿಲ್ಲದೆ ನಡೆಯುವುದಿಲ್ಲ ಎಂದು ಊರಿನವರಿಗೆಲ್ಲ ಕೂಗಲು ಹೊರಟಿದ್ದ ಬಾಯಿ, ನನ್ನ ವಿಷಯ ಬಂದಾಗ ಹೋಳಿಗೆ ಅಗಿಯುತ್ತಾ ಕೂತಿತ್ತಲ್ಲ, ಅದಕ್ಕೆ. ಒಂದೇ ಒಂದು ಸಲ, ಆ ಬಾಯಿಂದ ನನ್ನನ್ನು ಕೂಗಿಸಲೇಬೇಕು ಎಂದು ತುಪ್ಪದ ಗಿಂಡಿ ಹಿಡಿದು ನಿಂತಲ್ಲೇ ತೀರ್ಮಾನ ಮಾಡಿದೆ.

ಹೊರಡುವ ವಾರದ ಕಡೇ ದಿನ. ನಮ್ಮವರು ಬೆಳಿಗ್ಗೆಯೇ ಜರಿಪೇಟ ಸುತ್ತಿಕೊಂಡು ಸಮಿತಿಯ ಜೊತೆ ಹೋದರು. ನಾನು ಮಾರನೆಯ ದಿನಕ್ಕೆಂದು ದೋಸೆ ಹಿಟ್ಟು ರುಬ್ಬಿಟ್ಟೆ. ಊರು ಬಿಡುವವಳು ಯಾಕೆ ಹಿಟ್ಟು ರುಬ್ಬಿದಳು ಎನ್ನುತ್ತೀರೇನೋ; ಕೈಗೆ ಅದು ಹೇಗೆ ಗೊತ್ತಾಗಬೇಕು! ಅದೇ ಕೈ ಪೆಟ್ಟಿಗೆಗೆ ದಿಂಬನ್ನೂ ತುಂಬಿತು. ಮೇಲೆ ಒಂದು ರೇಷ್ಮೆ ಸೀರೆ ಮಡಚಿಟ್ಟು, ಸೆರಗಿನ ಅಂಚು ಇಣುಕುವಂತೆ ಮುಚ್ಚಳ ಹಾಕಿದೆ. ಕನ್ನಡಿಯಲ್ಲಿ ನೋಡಿಕೊಂಡೆ. ಥೇಟ್ ಓಡಿಹೋಗುವವಳ ಹಾಗೇ ಕಾಣುತ್ತಿದ್ದೆ. ನಗು ತಡೆಯಲಾಗಲಿಲ್ಲ.

ಮೊದಲನೇ ಕಲ್ಲಿನ ಹತ್ತಿರವೇ ಸಮಿತಿ ಸಿಕ್ಕಿತು. ಕಾನೂನು ವಿಭಾಗದ ಯಾರನ್ನೋ ಕೂಗಿ ಮುಗಿಸಿ ಎಳನೀರು ಕುಡಿಯುತ್ತಿದ್ದರು. ನಾನು ಪೆಟ್ಟಿಗೆ ಮುಂದೆ ಹಿಡಿದು, ಎದೆ ಸೆಟೆಸಿಕೊಂಡು ನಮ್ಮವರ ಎದುರೇ ಹಾದೆ.

"ಏನೇ, ಬಂದ್ಯಾ? ಒಳ್ಳೇದಾಯ್ತು," ಎಂದರು. "ಆರನೇ ಕಲ್ಲಿನ ಹತ್ರ ರಸಾಯನಶಾಸ್ತ್ರದವರು ಒಣಗಿ ಹೋಗಿದಾರೆ. ಮೊದಲು ಅವರಿಗೆ ಕೊಡು."

"ಏನನ್ನ?"

"ಮಜ್ಜಿಗೆ ಕಣೇ."

"ಮಜ್ಜಿಗೆ ತಂದಿಲ್ಲ ರೀ. ನಾನು ಹೊರಟಿದೀನಿ."

"ಹೂಂ, ಹೊರಡು ಹೊರಡು. ಬಿಸಿಲೇರೋದರೊಳಗೆ ಮುಗಿಸ್ಕೊಂಡು ಮನೆಗೆ ಹೋಗಿಬಿಡು." ಹೇಳಿ ಎಳನೀರಿನ ಗಂಜಿ ಕೆರೆಯುವುದಕ್ಕೆ ತಿರುಗಿದರು.

ಆರನೇ ಕಲ್ಲಿನಲ್ಲಿ ರಸಾಯನಶಾಸ್ತ್ರದವರು ಲೋಟ ಹಿಡಿದು ಎದ್ದು ನಿಂತರು, ನಾನು ನಿಲ್ಲದೆ ಹೋದದ್ದಕ್ಕೆ ಮುಖ ಚಿಕ್ಕದು ಮಾಡಿಕೊಂಡರು. ಒಂಬತ್ತನೇ ಕಲ್ಲಿನಲ್ಲಿ ಸುಧನ್ವ ಕೂತಿದ್ದ. ನಮ್ಮದೇ ವಿಭಾಗದವನು, ನನ್ನದೇ ಶಿಷ್ಯ. ಅಕ್ಷಾಂಶ ಯಾವುದು ರೇಖಾಂಶ ಯಾವುದು ಎಂದು ಅವನ ತಲೆಗೆ ಹೊಗಿಸುವಷ್ಟರಲ್ಲಿ ನನ್ನ ಕೂದಲು ನರೆತಿತ್ತು.

"ಬನ್ನಿ ಮೇಡಂ! ಈ ಸಲ ಪೆಟ್ಟಿಗೆಯಲ್ಲೇ ತಂದ್ರಾ? ಚೆಲ್ಲಲ್ವಾ?" ಎಂದ.

"ಮೊನ್ನೆ ಮೊನ್ನೆ ಸೇರಿದವನು ನೀನು. ಅದು ಹೇಗಪ್ಪಾ ಒಂಬತ್ತನೇ ಕಲ್ಲು?"

"ಹೊಸಬರು ಹೋಗಿಬಿಡ್ತಾರೆ ಅಂತ ಅವರಿಗೆ ಭಯ ಮೇಡಂ." ಪ್ರೀತಿಯಿಂದಲೇ ಹೇಳಿದ, ನಾನೇ ಕಲಿಸಿದ ಹುಡುಗ. "ನೀವಾದ್ರೆ ಹಳಬರು. ನೀವೆಲ್ಲಿ ಹೋಗ್ತೀರಾ!"

ಮತ್ತೆ ಅದೇ ಮಾತು. ನಾನು ಒಂದು ಹೆಜ್ಜೆಗೆ ಎರಡು ಹೆಜ್ಜೆ ಹಾಕಿದೆ.

ಹನ್ನೆರಡನೇ ಕಲ್ಲು ನಮ್ಮವರ ಕಲ್ಲು. ಅವರು ಕೂತು ಕೂತು ಮೇಲುಭಾಗ ನುಣುಪಾಗಿತ್ತು. ನಾನೂ ಕೂತೆ. ಕೆಳಗೆ ಓಲಗ ಕೇಳಿಸುತ್ತಿತ್ತು. ಬರುತ್ತಾರೆ ಎಂದುಕೊಂಡೆ. ಕಿವಿಯೆಲ್ಲ ಅತ್ತಲೇ ಇಟ್ಟು ಕೂತೆ. ಓಲಗ ರಸಾಯನಶಾಸ್ತ್ರದವರ ಹತ್ತಿರ ಬಂತು, ಸುಧನ್ವನ ಹತ್ತಿರ ಬಂತು, ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ, ಆಮೇಲೆ ಓಲಗ ತಿರುಗಿ ಊರಿನ ಕಡೆ ಇಳಿಯಿತು. ಸಣ್ಣದಾಗುತ್ತಾ ಸಣ್ಣದಾಗುತ್ತಾ ನಿಂತೇಹೋಯಿತು. ಅಳು ಬಂತು, ಅತ್ತೆ. ಸೆರಗಿನಿಂದ ಮೂಗು ಒರೆಸಿಕೊಂಡು ವಾಪಸು ಹೋಗಲು ಎದ್ದೆ.

ಎದ್ದವಳು ಯಾಕೋ ಆಚೆ ನೋಡಿದೆ. ರಸ್ತೆ ಮುಂದಕ್ಕೂ ಇತ್ತು! ಇರದೆ ಏನು, ರಸ್ತೆ ಎಂದ ಮೇಲೆ ಇರುತ್ತದೆ. ಆದರೆ ಹನ್ನೆರಡನೇ ಕಲ್ಲಿನ ಆಚೆಗೂ ಅದು ಇದೆ ಎಂದು ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಲ್ಲಿಂದ ಮುಂದಿನ ಕಲ್ಲುಗಳಿಗೆ ಅಂಕಿಯೇ ಇರಲಿಲ್ಲ, ಸುತ್ತ ಮೊಣಕಾಲುದ್ದ ಹುಲ್ಲು. ನಾನು ಒಂದು ಕಲ್ಲು ದಾಟಿದೆ. ಏನೂ ಆಗಲಿಲ್ಲ. ಇನ್ನೊಂದು ದಾಟಿದೆ. ತಲೆ ಗಿರ್ರೆಂದಿತು, ಬಿಸಿಲಿಗಲ್ಲ, ಸಂತೋಷಕ್ಕೆ. ಪೆಟ್ಟಿಗೆಯನ್ನು ಗಾಳಿಗೆ ಎಸೆದು ಹಿಡಿದೆ. ದಿಂಬಿನ ಪೆಟ್ಟಿಗೆ ತಾನೇ, ಎಷ್ಟು ಸಲ ಬೇಕಾದರೂ ಎಸೆಯಬಹುದು. ಖಂಡಗಳ ಹೆಸರನ್ನೆಲ್ಲ ರಾಗ ಹಾಕಿ ಜೋರಾಗಿ ಹಾಡಿದೆ, ಸಾಗರಗಳದ್ದು ಮುಗಿಸಿ ಪರ್ವತಗಳಿಗೆ ಬರುವಷ್ಟರಲ್ಲಿ ಗುಡ್ಡದ ನೆತ್ತಿ ಬಂದಿತ್ತು. ಕೆಳಗೆ, ಆಚೆ ಬದಿಯಲ್ಲಿ, ಹೆಂಚಿನ ಮನೆಗಳ ಒಂದು ಊರು. ಆ ಕಡೆಯ ರಸ್ತೆಯಲ್ಲಿ ಒಬ್ಬ ಹೆಂಗಸು ಏದುಸಿರು ಬಿಡುತ್ತಾ ಮೇಲೆ ಬರುತ್ತಿದ್ದರು. ಕೈಯಲ್ಲಿ ತಗಡಿನ ಪೆಟ್ಟಿಗೆ. ಮುಚ್ಚಳದ ಸಂದಿಯಿಂದ ಹಸಿರು ದುಪಟ್ಟದ ತುದಿ ಇಣುಕುತ್ತಿತ್ತು.

"ಯಾವ ವಿಭಾಗ?" ಎಂದೆ, ನಮಸ್ಕಾರ ಹೇಳುವುದನ್ನೂ ಮರೆತು.

"ಸಸ್ಯಶಾಸ್ತ್ರ. ಜೈಬುನ್ನಿಸಾ ಅಂತ. ನೀವು?"

"ಭೂಗೋಳ. ದಾಕ್ಷಾಯಿಣಿ. ಎಲ್ಲಿಗೆ ಹೊರಟ್ರಿ?"

"ನಿಮ್ಮೂರಿಗೇ," ಎಂದರು ಬಹಳ ಗಂಭೀರವಾಗಿ. "ನಿಮ್ಮ ವಿಶ್ವವಿದ್ಯಾಲಯದಿಂದ ಕರೆ ಬಂದಿದೆ ನಂಗೆ."

"ನಂಗೂ ಬಂದಿದೆ. ನಿಮ್ಮೂರಿಂದ."

ಒಬ್ಬರ ಮುಖ ಒಬ್ಬರು ನೋಡಿದೆವು. ಅವರ ತುಟಿ ಮೊದಲು ಅದುರಿತೋ ನನ್ನದೋ ಗೊತ್ತಿಲ್ಲ. ನಕ್ಕೆವು ನೋಡಿ, ಅಂಥ ನಗು ನಾನು ಹೈಸ್ಕೂಲು ಬಿಟ್ಟ ಮೇಲೆ ನಕ್ಕಿರಲಿಲ್ಲ. ಅವರು ಹುಲ್ಲಿನ ಮೇಲೆ ಕುಸಿದು ಕೂತರು, ನಾನು ಕಲ್ಲು ತಬ್ಬಿಕೊಂಡೆ.

"ನಿಮ್ಮೂರಲ್ಲಿ ಸಸ್ಯಶಾಸ್ತ್ರದವರನ್ನ ತಲೆ ಮೇಲೆ ಹೊತ್ಕೊಂಡು ಮೆರೆಸ್ತಾರಂತಲ್ರೀ!" ಎಂದರು ಕಣ್ಣೊರೆಸಿಕೊಳ್ಳುತ್ತಾ.

"ಯಾರಮ್ಮಾ ಹೇಳಿದ್ದು? ನಮ್ಮ ಸಸ್ಯಶಾಸ್ತ್ರದವರು ನಾಲ್ಕನೇ ಕಲ್ಲು ದಾಟಿಲ್ಲ. ನಿಮ್ಮಲ್ಲಿ ಭೂಗೋಳದವರಿಗೆ ಬಂಗಲೆ ಕೊಡ್ತಾರಂತೆ, ಹೌದಾ?"

"ಬಂಗಲೆ! ನಮ್ಮ ಭೂಗೋಳದ ಮೇಡಂಗೆ ಗ್ಲೋಬ್ ಇಡೋಕೆ ಜಾಗ ಇಲ್ದೆ ಕಿಟಕಿ ಮೇಲಿಟ್ಟಿದಾರೆ. ಗಾಳಿ ಬಂದ್ರೆ ಬೀದಿಗೆ ಬೀಳುತ್ತೆ."

ಪೆಟ್ಟಿಗೆ ತೆಗೆದೆವು. ನನ್ನದರಲ್ಲಿ ದಿಂಬು, ಅವರದರಲ್ಲೂ ದಿಂಬು. ಮತ್ತೆ ನಗು. ಆಮೇಲೆ ದಿಂಬುಗಳನ್ನು ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಮಹಾರಾಣಿಯರ ಹಾಗೆ ಕೂತು ಅವರು ತಂದಿದ್ದ ಚಪಾತಿ, ಬದನೆಕಾಯಿ ಎಣ್ಣೆಗಾಯಿ ತಿಂದೆವು.

"ನಿಮ್ಮನ್ನ ಯಾಕೆ ಕೂಗಲಿಲ್ಲ?" ಎಂದು ಕೇಳಿದೆ.

"ಒಬ್ಬಳೇ ಇರೋಳು, ಮನೇಲೊಂದು ಬೆಕ್ಕು. ಇವಳಿಗೇನು ಖರ್ಚು, ಸಂಬಳ ಯಾಕೆ ಜಾಸ್ತಿ ಅಂತಾರೆ. ನಿಮ್ಮನ್ನ?"

"ಗಂಡ ಸಂಪಾದಿಸ್ತಾನಲ್ಲ, ಇವಳಿಗ್ಯಾಕೆ ಅಂತಾರೆ."

ಆಗಲೇ ಓಲಗ ಕೇಳಿಸಿದ್ದು. ನಮ್ಮ ಕಡೆಯ ರಸ್ತೆಯಿಂದ. ನನ್ನ ಕೈಯಲ್ಲಿದ್ದ ಚಪಾತಿ ಕೆಳಗೆ ಬಿತ್ತು.

ಇಳಿಬಿಸಿಲಿನಲ್ಲಿ ಎಲ್ಲರೂ ಬರುತ್ತಿದ್ದರು. ಮುಂದೆ ನಮ್ಮವರು, ಪೇಟ ಬಿಚ್ಚಿಹೋಗಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಹಿಂದೆ ತಿಮ್ಮರಾಯಪ್ಪ, ಕೊಡೆಯವನು, ತಟ್ಟೆಯವನು. ಓಲಗದವನಿಗೆ ಊದಲು ಉಸಿರೇ ಉಳಿದಿರಲಿಲ್ಲ, ಎರಡು ಸಲ ಊದಿ ಒಂದು ಸಲ ಕೆಮ್ಮುತ್ತಿದ್ದ.

"ಎಲ್ಲಿಗೆ ಹೊರಟಿದೀಯೇ ಮಾರಾಯ್ತಿ!" ನಮ್ಮವರು ದೂರದಿಂದಲೇ ಅರಚಿದರು. "ದೋಸೆ ಹಿಟ್ಟು ಉಕ್ಕಿ ಅಡುಗೆಮನೆ ತುಂಬಾ ಹರೀತಿದೆ! ಮಗಳ ಮನೆಗೆ ಹೋದೆ, ಅಲ್ಲೂ ಇಲ್ಲ. ಸುಧನ್ವ ಹೇಳ್ದ, ಮಜ್ಜಿಗೆ ಕೊಡದೆ ಮೇಲೆ ಹೋದ್ರು ಅಂತ."

"ಸಾರ್, ಹಿಟ್ಟಿನ ವಿಷಯ ಕೂಗಿನಲ್ಲಿ ಬರಲ್ಲ," ತಿಮ್ಮರಾಯಪ್ಪ ಮಧ್ಯೆ ಬಂದರು. "ಕ್ರಮ ಪ್ರಕಾರ ಕೂಗಿ, ಕರ್ಕೊಂಡು ಹೋಗೋಣ. ಹೊತ್ತಾಯ್ತು."

ನಾನು ದಿಂಬನ್ನು ಒಳಗಿಟ್ಟು, ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಕಲ್ಲಿನ ಪಕ್ಕದಲ್ಲಿಟ್ಟು ನಿಂತೆ. ನಮ್ಮವರು ಗಂಟಲು ಸರಿಮಾಡಿಕೊಂಡರು. ಮದುವೆಯಾದಾಗಿನಿಂದ ನನ್ನನ್ನು ಏನೇ, ಬಾರೇ ಎಂದವರು, ಈಗ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೊನೆಗೆ ಅಂದರು: "ಭೂಗೋಳ ವಿಭಾಗದ ದಾಕ್ಷಾಯಿಣಿಯವರೇ, ಹೋಗಬೇಡಿ, ನೀವಿಲ್ಲದೆ ನಡೆಯುವುದಿಲ್ಲ."

ಡೋಲು ಬಿತ್ತು. ಸುಳ್ಳು ಹೇಳುವುದಿಲ್ಲ, ಆ ಒಂದು ಕೂಗಿಗೇ ಉರಿಯೆಲ್ಲ ಆರಿಹೋಗಿ, ಓಡಿಹೋಗಿ ಆ ಪೇಟವನ್ನು ಸರಿಯಾಗಿ ಸುತ್ತಿಬಿಡೋಣ ಅನ್ನಿಸಿತು. ಎರಡನೇ ಸಲ ಕೂಗಿದರು. ಈ ಸಲ ದನಿ ಒಡೆಯಿತು, ಕಣ್ಣು ನನ್ನ ಮೇಲೇ ಇತ್ತು. ಮೂರನೆಯದಕ್ಕೆ ಉಸಿರು ಎಳೆದುಕೊಂಡರು. ಅಷ್ಟರಲ್ಲಿ, ಬೆರಳು ಮಡಚಿ ಮಡಚಿ ಏನೋ ಲೆಕ್ಕ ಹಾಕುತ್ತಿದ್ದ ತಿಮ್ಮರಾಯಪ್ಪ ಜಿಗಿದು ಬಂದು ಅವರ ಬಾಯಿ ಮುಚ್ಚಿದರು.

"ನಿಲ್ಲಿ ಸಾರ್, ನಿಲ್ಲಿ! ಇದು ಯಾವ ಕಲ್ಲು ಗೊತ್ತಾ? ಹನ್ನೆರಡು ದಾಟಿ ಇನ್ನೆಷ್ಟೋ ಬಂದಿದೀವಿ. ಇಲ್ಲಿ ಮೂರನೇ ಕೂಗು ಬಿದ್ರೆ ಮೇಡಂ ಸಂಬಳ ಕುಲಪತಿಗಳದ್ದನ್ನೂ ಮೀರುತ್ತೆ!"

ನಮ್ಮವರು ಬಾಯಿ ಬಿಡಿಸಿಕೊಂಡು ಅವರನ್ನು ನೋಡಿದರು, ನನ್ನನ್ನು ನೋಡಿದರು. ಡೋಲಿನವನು ಕೋಲು ಎತ್ತಿ ಹಿಡಿದೇ ನಿಂತಿದ್ದ.

"ಸ್ವಲ್ಪ ಇಳಿದು ಬಾರೇ," ಎಂದರು ನಮ್ಮವರು ಮೆಲ್ಲಗೆ. "ಹನ್ನೆರಡಕ್ಕೆ ಬಾ. ಅಲ್ಲಿ ಮೂರನೇದು ಕೂಗ್ತೀನಿ. ನಿಂಗೂ ನಂಗೂ ಸಮ ಆಗುತ್ತೆ."

"ಹನ್ನೆರಡು ಎಲ್ಲಾಯ್ತು ಸಾರ್, ಭೂಗೋಳಕ್ಕೆ!" ತಿಮ್ಮರಾಯಪ್ಪ ಅಡ್ಡ ಬಂದರು. "ಐದು ಮಾಡಿ."

"ಐದು ತೀರಾ ಕಡಿಮೆ ಆಯ್ತು. ಹತ್ತು?"

"ಆರು."

"ಎಂಟು ಮಾಡ್ಕೊಳ್ಳಿ ಸಾರ್, ಹಳಬಳು, ಕೆಲಸದಲ್ಲಿ ಒಂದು ತಪ್ಪಿಲ್ಲ."

ಬದನೆಕಾಯಿಗೆ ಮಾಡುವ ಹಾಗೆ ಚೌಕಾಸಿ ಮಾಡುತ್ತಿದ್ದರು, ನನ್ನ ಮುಂದೆಯೇ, ನನ್ನ ಗಂಡ. ನನಗೆ ದುಃಖವೂ ಬಂತು, ನಗುವೂ ಬಂತು, ನಗುವೇ ಗೆದ್ದಿತು. ಪೆಟ್ಟಿಗೆ ಎತ್ತಿಕೊಂಡೆ.

"ಇಬ್ರೂ ಮಾತಾಡಿ ಮುಗಿಸಿ," ಎಂದೆ. "ನಾನು ಹೋಗಿ ಬರ್ತೀನಿ. ನಂಗೆ ಆಚೆ ಊರಿನಿಂದ ಕರೆ ಬಂದಿದೆ."

"ಯಾರು ಕರೆದ್ರು?" ತಿಮ್ಮರಾಯಪ್ಪನವರ ಹುಬ್ಬು ಮೇಲೆ ಹೋಯಿತು.

"ನಾನು," ಎಂದರು ಜೈಬುನ್ನಿಸಾ ದಿಂಬಿನಿಂದ ಎದ್ದು. "ಆಚೆ ಊರಿನ ವಿಶ್ವವಿದ್ಯಾಲಯ, ಸಸ್ಯಶಾಸ್ತ್ರ ವಿಭಾಗ. ನಾನು ನಿಮ್ಮಲ್ಲಿಗೇ ಬರ್ತಿದ್ದೆ."

ಎಲ್ಲರ ಬಾಯೂ ತೆರೆದೇ ಉಳಿಯಿತು. ಆಚೆ ಊರಿನಿಂದ ನಿಜವಾದ ಮನುಷ್ಯರು ಬರುತ್ತಾರೆ ಎಂದು ಯಾರಿಗೆ ಗೊತ್ತಿತ್ತು! ಓಲಗದವನಿಗೆ ಎಲ್ಲಿತ್ತೋ ಉಸಿರು, ತಾನಾಗಿ ಊದತೊಡಗಿದ. ಕೊಡೆಯವನು ಓಡಿಬಂದು ಕೊಡೆ ಹಿಡಿದ. ಹೊರಗಿನಿಂದ ಬಂದವರಿಗೆ ಯಾವ ಕಲ್ಲು ಎಂದು ತಿಮ್ಮರಾಯಪ್ಪನವರಿಗೆ ತಿಳಿಯದೆ, ತಾವೇ ಹೇಳಬೇಕು ಮೇಡಂ ಎಂದು ಕೈ ಮುಗಿದರು. ಆ ಗದ್ದಲದಲ್ಲಿ ಜೈಬುನ್ನಿಸಾ ನನ್ನ ಕೈಗೆ ಮನೆ ಬೀಗದ ಕೈ ತುರುಕಿದರು. "ಬೆಕ್ಕಿಗೆ ಹಾಲು ಹಾಕಿ. ಬಿಸಿ ಇರಬಾರದು, ಮುಟ್ಟಲ್ಲ," ಎಂದರು. ನಾನು ಇಳಿಯತೊಡಗಿದೆ. ಒಂದು ಸಲ ತಿರುಗಿ ನೋಡಿದೆ. ನಮ್ಮವರು ಗುಡ್ಡದ ನೆತ್ತಿಯಲ್ಲಿ ಒಬ್ಬರೇ ನಿಂತಿದ್ದರು. ಬಾಯಿ ತೆರೆದಿತ್ತು, ಕೂಗು ಹೊರಡಲಿಲ್ಲ.

ಆಚೆ ಊರಿನಲ್ಲಿ ನನಗಾದ ಉಪಚಾರ ಏನು ಹೇಳಲಿ! ಹೆಬ್ಬಾಗಿಲಿನಲ್ಲೇ ಕುರ್ಚಿ ಹಾಕಿ ಕೂರಿಸಿ, ಏನು ಕೊಟ್ಟರೆ ಒಪ್ಪುತ್ತೀರಿ ಎಂದು ಕೇಳಿದರು. ಬಾಯಿಗೆ ಬಂದದ್ದು ಹೇಳಿದೆ. ಇಷ್ಟೇನಾ ಎಂದು ಅವರೇ ಸಂಕೋಚಪಟ್ಟುಕೊಂಡು ಮೇಲೆ ಇನ್ನಷ್ಟು ಸೇರಿಸಿದರು. ಹೇಳುವುದು ಅದೇ ಪಾಠ, ಅದೇ ಖಂಡ, ಅದೇ ಸಾಗರ; ಗುಡ್ಡ ಹತ್ತಿ ಇಳಿದದ್ದಕ್ಕೆ ನನ್ನ ತಲೆ ದೊಡ್ಡದಾಗಿರಲಿಲ್ಲ. ಕಿಟಕಿಯ ಮೇಲೆ ಗ್ಲೋಬ್ ಇಟ್ಟುಕೊಂಡಿದ್ದ ಅಲ್ಲಿನ ಮೇಡಂ ನನ್ನನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಅವರಿಗೆ ರಸ್ತೆ ಎಲ್ಲಿಯವರೆಗೆ ಇದೆ ಎಂದು ಹೇಳಿದ್ದೇನೆ, ದಿಂಬನ್ನು ಹೇಗೆ ಒತ್ತಬೇಕೆಂದೂ ತೋರಿಸಿಕೊಟ್ಟಿದ್ದೇನೆ.

ರಜೆಯ ದಿನ ಜೈಬುನ್ನಿಸಾ ಮತ್ತು ನಾನು ಗುಡ್ಡದ ಮೇಲೆ ಸೇರುತ್ತಿದ್ದೆವು. ಅವರು ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದರು, ನಾನು ಬೆಕ್ಕಿನ ಸಮಾಚಾರ ತರುತ್ತಿದ್ದೆ. ನಮ್ಮವರ ಸುದ್ದಿಯೂ ಸಿಗುತ್ತಿತ್ತು, ನಾನು ಕೇಳದಿದ್ದರೂ. ಸಮಿತಿಯ ಅಧ್ಯಕ್ಷಗಿರಿ ಬಿಟ್ಟರಂತೆ. ದೋಸೆ ಹೊಯ್ಯಲು ಕಲಿಯುತ್ತಿದ್ದಾರಂತೆ, ಕಾವಲಿ ಬಿಟ್ಟು ಏಳುವುದಿಲ್ಲವಂತೆ. ಅಯ್ಯೋ ಅನ್ನಿಸುತ್ತಿತ್ತು. ಕೂಗಲಿಲ್ಲವಲ್ಲ ಅಂತಲೂ ಅನ್ನಿಸುತ್ತಿತ್ತು.

ಮತ್ತೆ ಹೊರಡುವ ವಾರ ಬಂತು. ನಾವಿಬ್ಬರೂ ಗುಡ್ಡದ ಮೇಲೆ ಚಹಾ ಕುಡಿಯುತ್ತಾ ಕೂತಿದ್ದೆವು. ನಮ್ಮೂರಿನ ಕಡೆಯಿಂದ ಯಾರೋ ಬರುತ್ತಿದ್ದರು. ಓಲಗ ಇಲ್ಲ, ಕೊಡೆ ಇಲ್ಲ. ಹತ್ತು ಹೆಜ್ಜೆಗೊಮ್ಮೆ ಪೆಟ್ಟಿಗೆ ಕೆಳಗಿಟ್ಟು ಸೊಂಟ ನೀವಿಕೊಳ್ಳುತ್ತಿದ್ದರು. ಹತ್ತಿರ ಬಂದ ಮೇಲೆ ಗೊತ್ತಾಯಿತು. ಸೊರಗಿದ್ದರು, ಗಡ್ಡ ಬೆಳೆದಿತ್ತು, ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. ನನ್ನ ಎದುರು ಬಂದು ಪೆಟ್ಟಿಗೆ ಇಳಿಸಿ, ಕುಣಿಯುತ್ತಿದ್ದ ಉಸಿರನ್ನು ಹಿಡಿದುಕೊಂಡು, ಗುಡ್ಡ ಅದುರುವಂತೆ ಕೂಗಿದರು:

"ಭೂಗೋಳ ವಿಭಾಗದ ದಾಕ್ಷಾಯಿಣಿಯವರೇ, ನೀವಿಲ್ಲದೆ ನಡೆಯುವುದಿಲ್ಲ!"

ಹೋಗಬೇಡಿ ಎನ್ನಲಿಲ್ಲ. ನಾನು ಗಮನಿಸಿದೆ.

"ಇದು ಮೂರನೇದು," ಎಂದರು ಆಮೇಲೆ ಸಣ್ಣ ದನಿಯಲ್ಲಿ. "ಅವತ್ತೇ ಕೂಗಬೇಕಾಗಿತ್ತು."

ಫ್ಲಾಸ್ಕಿನಿಂದ ಒಂದು ಲೋಟ ಚಹಾ ಬಗ್ಗಿಸಿ ಅವರ ಕೈಗಿಟ್ಟೆ. ಆದರೂ ನಾನು ಅಷ್ಟು ಸುಲಭಕ್ಕೆ ಸಿಗುವವಳೇ! "ನಮ್ಮಲ್ಲಿ ವಾಣಿಜ್ಯದಲ್ಲಿ ಜಾಗ ಖಾಲಿ ಇಲ್ಲ," ಎಂದೆ. "ಬೇಕಾದ್ರೆ ಅತಿಥಿ ಉಪನ್ಯಾಸಕರಾಗಿ ಸೇರ್ಕೋಬಹುದು."

"ಶೆಡ್ಡಿನಲ್ಲಾ?"

"ಶೆಡ್ಡಿನಲ್ಲೇ."

"ಫ್ಯಾನ್ ಇದೆಯಾ?"

"ಇಲ್ಲ."

"ಸರಿ," ಎಂದರು.

ನಾನು ಅವರ ಪೆಟ್ಟಿಗೆ ಎತ್ತಲು ಹೋದೆ. ಎತ್ತಲಾಗಲಿಲ್ಲ. ಎರಡು ಕೈ ಹಾಕಿದೆ, ಆಗಲೂ ನೆಲ ಬಿಡಲಿಲ್ಲ. ಮುಚ್ಚಳ ತೆಗೆದೆ. ಮುದುರಿ ತುರುಕಿದ ಅಂಗಿ ಪಂಚೆಗಳು, ಪುಸ್ತಕಗಳು, ಕ್ಷೌರದ ಸಾಮಾನು, ನನ್ನ ಹಳೆಯ ಚಪ್ಪಲಿ, ದೋಸೆ ಕಾವಲಿ, ಮಜ್ಜಿಗೆ ಕಡೆಗೋಲು. ಮನೆಯಲ್ಲಿ ಇದ್ದದ್ದೆಲ್ಲ ಇತ್ತು. ಅಡಿಯವರೆಗೂ ಕೈ ಹಾಕಿ ತಡಕಿದೆ.

"ದಿಂಬು?" ಎಂದೆ.

"ಅಯ್ಯೋ!" ಅವರು ಹಣೆ ಚಚ್ಚಿಕೊಂಡರು. "ಅದೊಂದನ್ನ ಮರೆತೇಬಿಟ್ಟೆ ಕಣೇ. ಮಲಗೋಕೆ ಏನು ಮಾಡೋದು?"

ಜೈಬುನ್ನಿಸಾ ಚಹಾ ಉಗುಳಿಬಿಟ್ಟರು. ನಾನು ನಕ್ಕು ನಕ್ಕು, ಅಳುತ್ತಿದ್ದೇನೆ ಎಂದು ಗೊತ್ತಾದಾಗ ಆ ಮುದುರಿದ ಪಂಚೆಯಲ್ಲೇ ಕಣ್ಣೊರೆಸಿಕೊಂಡೆ.

"ನನ್ನ ಹತ್ರ ಒಂದಿದೆ, ಬನ್ನಿ," ಎಂದೆ. ಪೆಟ್ಟಿಗೆ ಒಬ್ಬರ ಕೈಯಲ್ಲಿ ಆಗುವಂಥದ್ದಾಗಿರಲಿಲ್ಲ. ಆ ಬದಿಯ ಹಿಡಿ ಅವರು ಹಿಡಿದರು, ಈ ಬದಿಯದು ನಾನು ಹಿಡಿದೆ, ಇಬ್ಬರೂ ಗುಡ್ಡ ಇಳಿದೆವು.